ವಾಸಕ್ಕೆ ಊರಾವುದು?

ವಾಸಯೋಗ್ಯವಾದ ಊರನ್ನು ಆರಿಸಿಕೊಳ್ಳುವವನು ಅಲ್ಲಿ ನದಿಯುಂಟೇ, ವೈದ್ಯನುಂಟೇ, ವಿದ್ವಾಂಸರ ಸಹವಾಸವುಂಟೇ ಎಂಬುದನ್ನು ಮೊದಲು ವಿಚಾರಿಸತಕ್ಕದ್ದೆಂದು ಪ್ರಾಚೀನ ನೀತಿಕಾರರು ವಿಧಿಸಿರುವರು. ಅನೇಕ ವರ್ಷ ಪಾಠಶಾಲೆಯಲ್ಲಿ ಇದನ್ನೇ ಬೋಧಿಸುತ್ತ ಬಂದ ನಮ್ಮನ್ನು, ನಮ್ಮ ಸೋದರಳಿಯನು ಬೆಂಗಳೂರಿನಿಂದ ದೂರವಾಣಿಯಲ್ಲಿ ಕೇಳಿದ ಪ್ರಶ್ನೆಗಳು ಬೇರೆಯೇ ಆಗಿದ್ದವು. “ಮಾವ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರರಲ್ಲಿ ಅಜ್ಜನ ಕೋವಿಯನ್ನು ಇಟ್ಟುಕೊಳ್ಳುವುದು ಎಲ್ಲಿ ಸುಲಭ? ಬೆಳಿಗ್ಗೆ ಬಾಗಿಲು ತೆರೆದರೆ ಗುಡ್ಡ ಕಾಣುವುದು ಎಲ್ಲಿ? ವರ್ಷದಲ್ಲಿ ಹೆಚ್ಚು ದಿನ ಬೈಕು ಓಡಿಸಲಾಗುವುದು ಎಲ್ಲಿ? ನೀವು ವಿಚಾರಿಸಿ ಹೇಳಬೇಕು” ಎಂದನು. ನಾವು ಮೊದಲು ನಕ್ಕೆವು. ಆಮೇಲೆ ನಗುವುದಕ್ಕೆ ಕಾರಣವಿಲ್ಲವೆಂದು ತಿಳಿಯಿತು.

ಸಂದರ್ಭವನ್ನು ವಾಚಕರಿಗೆ ತಿಳಿಸಬೇಕು. ಹುಡುಗನಿಗೆ ತಂದೆಯಿಲ್ಲ. ಅವನ ತಂದೆಯ ತಂದೆಯವರು, ಎಪ್ಪತ್ತೆಂಟರ ವೃದ್ಧರು, ಬೆಳ್ತಂಗಡಿ ತಾಲೂಕಿನಲ್ಲಿ ಘಟ್ಟದ ಬುಡದ ಒಂದು ಅಡಕೆ ತೋಟದಲ್ಲಿ ಒಬ್ಬರೇ ಇದ್ದಾರೆ. ಗಣಕಯಂತ್ರದ ಕೆಲಸವನ್ನು ಊರಿನಲ್ಲಿ ಕುಳಿತು ಮಾಡಲು ಹುಡುಗನಿಗೆ ಅನುಮತಿ ದೊರೆತಿತ್ತು. ಬಂಟ್ವಾಳದಲ್ಲಿ ಒಂದು ಮನೆ ಬಾಡಿಗೆಗಿತ್ತು. ಮೂಡುಬಿದಿರೆಯಲ್ಲಿ ನಿವೇಶನವೊಂದು ಮಾರಾಟಕ್ಕಿತ್ತು. ಮೂರನೆಯದು ಅಜ್ಜನ ತೋಟ. ಅಜ್ಜನವರು ಮಾತ್ರ ಒಂದೇ ಮಾತು ಹೇಳಿದ್ದರು: ದೀಪಾವಳಿಯೊಳಗೆ ಹೇಳದಿದ್ದರೆ ತೋಟವನ್ನು ಕೊಟ್ಟುಬಿಡುತ್ತೇನೆ.

ಮೊದಲು ಕೋವಿಯ ವಿಷಯ. ಅಮೆರಿಕದಲ್ಲಿ ಆಯುಧವನ್ನು ಹೊಂದುವುದು 1791ರ ಸಂವಿಧಾನ ತಿದ್ದುಪಡಿಯಿಂದ ಪ್ರಜೆಯ ಹಕ್ಕಾಗಿದೆ. ಅಲ್ಲಿ ರಾಜ್ಯ ರಾಜ್ಯಕ್ಕೆ ನಿಯಮ ಬೇರೆಯಾಗಿರುವುದರಿಂದ ಊರು ಬದಲಿಸುವವರು ಇದನ್ನೂ ವಿಚಾರಿಸುವುದುಂಟು. ನಮ್ಮಲ್ಲಿ ಅದು ಹಕ್ಕಲ್ಲ, ಅನುಮತಿ. 1878ರಲ್ಲಿ ಲಿಟ್ಟನ್ ಪ್ರಭುವಿನ ಕಾಲದಲ್ಲಿ ಬಂದ ಕಾನೂನಿನ ಸ್ಥಾನದಲ್ಲಿ ಈಗ ಇರುವುದು 1959ರ ಆಯುಧ ಅಧಿನಿಯಮ, ದೇಶಕ್ಕೆಲ್ಲ ಅದೊಂದೇ. ಅದರಲ್ಲಿ ರೈತನನ್ನು ಹೆಸರಿಸದೆ ನೆನೆದಿರುವ ಒಂದು ಮಾತಿದೆ: ನಿಜವಾಗಿ ಬೆಳೆಯ ರಕ್ಷಣೆಗೆಂದು ಕೇಳುವವನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಯ ಪರವಾನಗಿಯನ್ನು ಕೊಡಬಹುದು, ಅದು ಸಾಲದೆಂದು ಅಧಿಕಾರಿಗೆ ತೋರಿದರೆ ತೋಟೆಯ ಕೋವಿಯನ್ನೂ ಕೊಡಬಹುದು. ದಕ್ಷಿಣ ಕನ್ನಡದ ತೋಟದ ಮನೆಗಳಲ್ಲಿ ಗೋಡೆಗೆ ತೂಗುವ ಕೋವಿಗಳಲ್ಲಿ ಹೆಚ್ಚಿನವು ಈ ಬಗೆಯವೇ. ಮೂರು ಊರುಗಳೊಳಗೆ ಒಂದೇ ಭೇದ: ಮೂಡುಬಿದಿರೆಯ ಠಾಣೆಯು ಮಂಗಳೂರು ನಗರದ ಪೊಲೀಸ್ ಕಮಿಷನರರ ಅಧೀನದಲ್ಲಿರುವುದರಿಂದ ಅಲ್ಲಿಯವರು ಅವರ ಕಛೇರಿಗೆ ಹೋಗಬೇಕು, ಉಳಿದೆರಡು ತಾಲೂಕಿನವರು ಜಿಲ್ಲಾಧಿಕಾರಿಗಳಲ್ಲಿಗೆ. ಎರಡೂ ಮಂಗಳೂರಿನಲ್ಲೇ ಇರುವುದರಿಂದ ಬಸ್ಸಿನ ಖರ್ಚಿನಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಪಕ್ಕದ ಕೊಡಗಿನ ಮಾತು ಬೇರೆ. ಅಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಆಂಗ್ಲರ ಕಾಲದಿಂದ ಬಂದಿದೆ. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಕೈಲ್‌ಪೊಳ್ದಿನಲ್ಲಿ ಕೋವಿಗೆ ಪೂಜೆ, ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡಿನ ಸದ್ದು ಅಲ್ಲಿಯ ಕ್ರಮ. ಆ ಹುತ್ತರಿಯ ಹಾಡನ್ನು ಬರೆದ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ನಮ್ಮ ಬಂಟ್ವಾಳದಲ್ಲಿ. ಆದರೆ ಹಾಡು ಇಲ್ಲಿಯದಾದ ಮಾತ್ರಕ್ಕೆ ವಿನಾಯಿತಿ ಇಲ್ಲಿಗೆ ಬರುವುದೇ? ಇಲ್ಲಿಯ ರೈತರು ಕೋವಿ ಹಿಡಿದು ನಡೆದದ್ದು 1837ರಲ್ಲಿ, ಕಂಪನಿ ಸರಕಾರದ ವಿರುದ್ಧ. ಸುಳ್ಯದ ಕಡೆಯಿಂದ ಹೊರಟ ಆ ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ಮಾರ್ಗವಾಗಿ ಮಂಗಳೂರನ್ನು ಸೇರಿ ಬಾವುಟಗುಡ್ಡೆಯಲ್ಲಿ ತನ್ನ ಬಾವುಟವನ್ನು ಏರಿಸಿತ್ತು. ಅಂಥವರ ಕೈಗೆ ಆಂಗ್ಲರು ವಿನಾಯಿತಿಯನ್ನು ಕೊಟ್ಟಾರೆಂದು ಯಾರು ತಾನೇ ಎಣಿಸುವರು!

ಓದಿ ತಿಳಿದದ್ದು ಇಷ್ಟು. ಉಳಿದದ್ದನ್ನು ನೋಡಿಯೇ ಹೇಳಬೇಕೆಂದು, ಹುಡುಗನು ರಜೆಯಲ್ಲಿ ಬಂದಾಗ ಅವನ ಬೈಕಿನ ಹಿಂದೆ ಕುಳಿತು ಹೊರಟೆವು. ಹಿಂದೆ ಕೂರುವವನಿಗೂ ಶಿರಸ್ತ್ರಾಣ ಕಡ್ಡಾಯವೆಂಬುದರಿಂದ, ಪೇಟ ಸುತ್ತಿ ಅಭ್ಯಾಸವಿದ್ದ ತಲೆಗೆ ಆ ಭಾರವನ್ನೂ ಹೊರಿಸಿದ್ದಾಯಿತು. ಅಕ್ಟೋಬರ ತಿಂಗಳು, ಬೆಳಿಗ್ಗೆ ಬಿಸಿಲು, ಸಂಜೆಗೆ ಗುಡುಗು.

ಬಂಟ್ವಾಳದ ಸೊಬಗೆಲ್ಲ ನೇತ್ರಾವತಿಯದು. ಹಿಂದೆ ಘಟ್ಟದ ಮೇಲಿನ ಸರಕು ಗಾಡಿಗಳಲ್ಲಿ ಇಳಿದು ಇಲ್ಲಿ ದೋಣಿಯೇರಿ ಮಂಗಳೂರಿಗೆ ಹೋಗುತ್ತಿತ್ತು. ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಯಲ್ಲಿ ಆ ವ್ಯಾಪಾರದ ನೆನಪು ಇನ್ನೂ ಉಂಟು. ಆದರೆ ಅದೇ ನದಿ 1923ರಲ್ಲಿಯೂ 1974ರಲ್ಲಿಯೂ ಪೇಟೆಯೊಳಗೆ ಬಂದಿತ್ತು. ಈಗಲೂ ಆಟಿ ತಿಂಗಳಲ್ಲಿ ನೀರಿನ ಮಟ್ಟ 8.5 ಮೀಟರಿನ ಅಪಾಯದ ಗೆರೆಯನ್ನು ಮುಟ್ಟಿತೇ ಎಂದು ಕೇಳುವುದು ಇಲ್ಲಿಯ ಕುಶಲಪ್ರಶ್ನೆಯೇ ಆಗಿದೆ. ಬಾಡಿಗೆಯ ಮನೆ ಎತ್ತರದಲ್ಲಿತ್ತು, ಚೆನ್ನಾಗಿತ್ತು. ಕಿಟಕಿಯಿಂದ ಕಾಣುತ್ತಿದ್ದದ್ದು ಹೆದ್ದಾರಿ. ಹುಡುಗನು ಎರಡು ನಿಮಿಷ ನಿಂತು, “ಇಲ್ಲಿ ಕೋವಿಯನ್ನು ಎಲ್ಲಿ ತೂಗಿಸುವುದು, ಮಾವ?” ಎಂದನು. ತೂಗಿಸುವುದಕ್ಕೆ ಗೋಡೆಯಿತ್ತು, ಕಾರಣವಿರಲಿಲ್ಲ.

ಇದೇ ತಾಲೂಕಿನ ಕಾರಿಂಜ ಬೆಟ್ಟದಲ್ಲಿ ಪೂಜೆಯಾದ ಮೇಲೆ ಮಂಗಗಳಿಗೆ ಅನ್ನವನ್ನು ಇಡುವ ಪದ್ಧತಿಯುಂಟು. ಬೆಟ್ಟದಿಂದ ಇಳಿದು ಯಾವ ತೆಂಗಿನ ತೋಟದ ಯಜಮಾನನನ್ನಾದರೂ ಮಾತನಾಡಿಸಿದರೆ, ಎಳನೀರೆಲ್ಲವನ್ನೂ ಮಂಗಗಳೇ ಕುಡಿದವೆಂದು ಶಾಪ ಹಾಕುತ್ತಾನೆ. ಎರಡೂ ಒಬ್ಬನೇ ಮನುಷ್ಯನ ಮಾತಾಗಿರಬಹುದು. ನಮಗೆ ಇದರಲ್ಲಿ ವಿರೋಧ ತೋರಲಿಲ್ಲ.

ಸಿದ್ದಕಟ್ಟೆಯ ಮಾರ್ಗವಾಗಿ ಮೂಡುಬಿದಿರೆಗೆ ಹೋದೆವು. ನಮ್ಮ ಪಕ್ಷಪಾತವನ್ನು ಮುಚ್ಚಿಡುವುದೇಕೆ? ನಮಗೆ ಈ ಊರೇ ಇಷ್ಟ. ಹದಿನೆಂಟು ಬಸದಿಗಳು, ಅವುಗಳಲ್ಲಿ 1430ರ ಸಾವಿರ ಕಂಬದ ಬಸದಿ; ರತ್ನಾಕರವರ್ಣಿಯ ಊರು; ವಿದ್ಯಾಸಂಸ್ಥೆಗಳು, ವೈದ್ಯರು, ಮಂಗಳೂರಿಗೆ ಸುಮಾರು 35 ಕಿಲೋಮೀಟರು. ನೀತಿಕಾರರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಬಹುಮಟ್ಟಿಗೆ ಉತ್ತರವಿದೆ. ಬೈಕಿಗೂ ಅನುಕೂಲ; ಘಟ್ಟದ ಬುಡದಷ್ಟು ಮಳೆಯಿಲ್ಲ, ಹೊಳೆಯ ಭಯವಿಲ್ಲ. ಕೊಣಾಜೆ ಕಲ್ಲಿನ ಕಡೆಗೆ ಹೋದರೆ ಕಣ್ಣಿಗೂ ತೃಪ್ತಿ. ಅಹಿಂಸೆಯೇ ಪರಮಧರ್ಮವೆಂದು ಆರುನೂರು ವರ್ಷ ಕಲ್ಲಿನಲ್ಲಿ ನಿಂತು ಹೇಳುತ್ತಿರುವ ಬಸದಿಯ ಎದುರಿನಲ್ಲಿ ಕೋವಿಯ ಪರವಾನಗಿಯನ್ನು ವಿಚಾರಿಸುವುದಕ್ಕೆ ಮಾತ್ರ ನಮಗೆ ಸಂಕೋಚವಾಯಿತು. ನಿವೇಶನ ಐದು ಸೆಂಟ್ಸು. ಐದು ಸೆಂಟ್ಸಿನಲ್ಲಿ ಏನು ಬೆಳೆ, ಏನು ರಕ್ಷಣೆ?

ಅಲ್ಲಿಂದ ವೇಣೂರು. ಫಲ್ಗುಣಿಯ ದಡದಲ್ಲಿ 1604ರಲ್ಲಿ ನಿಂತ 35 ಅಡಿಯ ಗೊಮ್ಮಟನಿಗೆ ಕೈಮುಗಿದು, ಗುರುವಾಯನಕೆರೆಯ ಮೇಲೆ ಬೆಳ್ತಂಗಡಿಯ ದಾರಿ ಹಿಡಿದಾಗ ಪೂರ್ವದಿಕ್ಕಿನಲ್ಲಿ ಕುದುರೆಮುಖದ ಸಾಲು ತೆರೆದುಕೊಂಡಿತು. ಅದರ ಮುಂದೆ ಒಂಟಿಯಾಗಿ ಎದ್ದು ನಿಂತ ಗಡಾಯಿಕಲ್ಲು, 1794ರಲ್ಲಿ ಟಿಪ್ಪುಸುಲ್ತಾನನು ಜಮಾಲಾಬಾದಿನ ಕೋಟೆಯನ್ನು ಕಟ್ಟಿಸಿದ ಬಂಡೆ. ಹುಡುಗನು ಗಾಡಿ ನಿಲ್ಲಿಸಿದನು, ಏನೂ ಹೇಳಲಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರವನ್ನು ನಾವೂ ಹೇಳಬೇಕಾಗಿರಲಿಲ್ಲ.

ಆದರೆ ಈ ಗುಡ್ಡಗಳೇ ಮೋಡವನ್ನು ತಡೆದು ನಿಲ್ಲಿಸುವುವು. ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್, ಎಂದರೆ 150 ಅಂಗುಲಕ್ಕೂ ಮಿಕ್ಕಿ ಮಳೆ. ಅದರ ಹೆಚ್ಚಿನ ಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ. ಪಶ್ಚಿಮದ ಗಾಳಿ ಘಟ್ಟವನ್ನು ಏರುವಾಗ ತಣಿದು ನೀರನ್ನು ಸುರಿಸುವುದರಿಂದ ಬುಡದಲ್ಲಿರುವವರ ಪಾಲು ಹೆಚ್ಚು. 2019ರ ಆಗಸ್ಟಿನಲ್ಲಿ ಈ ತಾಲೂಕಿನ ತೋಟಗಳ ಮೇಲೆ ಗುಡ್ಡದ ಮಣ್ಣೂ ಮರವೂ ನೀರಿನೊಡನೆ ಬಂದು ಬಿದ್ದದ್ದನ್ನೂ, ಚಾರ್ಮಾಡಿ ಘಾಟಿಯು ಕುಸಿದು ತಿಂಗಳುಗಟ್ಟಲೆ ಮುಚ್ಚಿದ್ದನ್ನೂ ಯಾರು ಮರೆತಾರು? ಬೈಕಿನ ಕಾಲವನ್ನು ತಿಳಿಯುವುದಕ್ಕೆ ಹವಾಮಾನದ ಇಲಾಖೆ ಬೇಡ. ಯಕ್ಷಗಾನ ಮೇಳಗಳ ತಿರುಗಾಟವನ್ನು ನೋಡಿದರೆ ಸಾಕು. ದೀಪಾವಳಿಯ ಹೊತ್ತಿಗೆ ಗೆಜ್ಜೆ ಕಟ್ಟಿದ ಮೇಳಗಳು ಮೇ ಕೊನೆಯ ಪತ್ತನಾಜೆಗೆ ಬಿಚ್ಚುವುವು. ಬೈಕಿಗೂ ಅದೇ ಪಂಚಾಂಗ. ಅದರೊಳಗೂ ಮಾರ್ಚಿನಿಂದ ಮೇ ತನಕ ಸೆಕೆ. ನಿಜವಾದ ಸುಖದ ಹವೆ ನವೆಂಬರಿನಿಂದ ಫೆಬ್ರವರಿಯವರೆಗೆ, ನಾಲ್ಕು ತಿಂಗಳು.

ಸಂಜೆಗೆ ತೋಟವನ್ನು ಸೇರಿದೆವು. ವೃದ್ಧರು ಜಗಲಿಯಲ್ಲಿದ್ದರು. ಊಟವಾದ ಮೇಲೆ ಒಳಗಿನಿಂದ ಕೋವಿಯನ್ನು ತಂದು ಮಡಿಲಲ್ಲಿ ಅಡ್ಡ ಇಟ್ಟುಕೊಂಡರು. ಒಂಟಿನಳಿಗೆಯ ಕೇಪಿನ ಕೋವಿ, ಹಿಡಿಯ ಮರ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು. “ಮಾಷ್ಟ್ರೇ, ಇದು ಕೊಲ್ಲುವ ಸಾಮಾನೆಂದು ಪೇಟೆಯವರು ತಿಳಿದಿದ್ದಾರೆ. ಹಂದಿಗೆ ಇಟ್ಟ ಈಡಿಗಿಂತ ಆಕಾಶಕ್ಕೆ ಇಟ್ಟ ಈಡೇ ಹೆಚ್ಚು. ಸದ್ದು ಕೇಳಿದರೆ ಎರಡು ರಾತ್ರಿ ಬರುವುದಿಲ್ಲ. ಮೂರನೆಯ ರಾತ್ರಿ ಬರುತ್ತವೆ” ಎಂದರು. ಅವರ ಮಾತು ಕಾನೂನಿಗೂ ಸರಿಯೇ. 1972ರ ವನ್ಯಜೀವಿ ಕಾಯಿದೆಯಿಂದ ಪ್ರಾಣಿಗಳನ್ನು ಬೇಟೆಯಾಡುವುದು ನಿಷಿದ್ಧ. ಆನೆ, ಕಾಟಿ, ನವಿಲುಗಳಿಗಂತೂ ಅತ್ಯಂತ ಕಟ್ಟುನಿಟ್ಟಿನ ರಕ್ಷಣೆಯುಂಟು. ಕೋವಿಯ ಪರವಾನಗಿಯು ಕೊಲ್ಲುವ ಪರವಾನಗಿಯಲ್ಲ. ಗರ್ನಾಲಿನ ಕೆಲಸವನ್ನೇ ಕೋವಿಯೂ ಮಾಡುತ್ತದೆ; ಮನೆಯಲ್ಲಿ ಒಬ್ಬ ಎಚ್ಚರವಾಗಿದ್ದಾನೆಂದು ಕಾಡಿಗೆ ತಿಳಿಸುವುದು, ಅಷ್ಟೇ.

ಅವರಿಗೆ ದುಃಖವಿದ್ದುದು ಬೇರೆಯದಕ್ಕೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು. 2024ರಲ್ಲಿ ಮಾರ್ಚ್ 16ಕ್ಕೆ ನೀತಿಸಂಹಿತೆ ಜಾರಿಗೆ ಬಂತು, ಏಪ್ರಿಲ್ 26ಕ್ಕೆ ಇಲ್ಲಿ ಮತದಾನ, ಜೂನ್ 4ಕ್ಕೆ ಎಣಿಕೆ. ಬೇಸಗೆಯಲ್ಲಿ ಕಾಡು ಒಣಗಿ, ನೀರು ಬಿಟ್ಟ ತೋಟವೊಂದೇ ತಂಪಾಗಿರುವಾಗ ಹಂದಿಗಳು ಬುಡ ಅಗೆಯಲು ಇಳಿಯುವ ಕಾಲವೇ ಅದು. ರೈತರಿಗೆ ಇದರಿಂದ ವಿನಾಯಿತಿ ಬೇಕೆಂದು ನ್ಯಾಯಾಲಯದ ಮೆಟ್ಟಿಲನ್ನು ಏರಿದವರೂ ಉಂಟು. “ಆ ದಿವಸಗಳಲ್ಲಿ ರಾತ್ರಿ ಡಬ್ಬ ಬಡಿಯುತ್ತ ಕೂತೆ. ಕೈ ಸೋಲುತ್ತದೆ” ಎಂದರು. ಹುಡುಗನು ತಲೆ ತಗ್ಗಿಸಿದನು. ಆ ದಿನಗಳಲ್ಲಿ ಅವನು ಬೆಂಗಳೂರಿನಲ್ಲಿದ್ದನು.

ಆ ರಾತ್ರಿ ನಮಗೆ ಸ್ಪಷ್ಟವಾಯಿತು: ಮೂರು ಪ್ರಶ್ನೆಗಳೂ ಒಂದೇ ಪ್ರಶ್ನೆ, ಘಟ್ಟಕ್ಕೆ ಎಷ್ಟು ಹತ್ತಿರ ಎಂಬುದು. ಹತ್ತಿರ ಹೋದಷ್ಟೂ ಗುಡ್ಡ ಚೆಂದ, ಮಳೆ ಹೆಚ್ಚು, ಕೋವಿ ಅಗತ್ಯ. ಗುಡ್ಡವನ್ನು ಮಾತ್ರ ಇಟ್ಟುಕೊಂಡು ಹಂದಿಯನ್ನೂ ಆಟಿಯ ಮಳೆಯನ್ನೂ ಬಿಡುತ್ತೇನೆಂದರೆ ನಡೆಯದು. ಇನ್ನು ಕೋವಿಯಂತೂ ಊರಿನಿಂದ ಊರಿಗೆ ಕೊಂಡೊಯ್ಯುವ ಪಿತ್ರಾರ್ಜಿತವಲ್ಲ. 2016ರ ಆಯುಧ ನಿಯಮಗಳಂತೆ ಎಪ್ಪತ್ತು ತುಂಬಿದ ಪರವಾನಗಿದಾರನು ತನ್ನ ಉತ್ತರಾಧಿಕಾರಿಯನ್ನು ಹೆಸರಿಸಬಹುದು. ಆದರೆ ಬೆಳೆಯ ರಕ್ಷಣೆಗೆಂದು ಕೊಟ್ಟ ಕೋವಿಗೆ ಬೆಳೆ ಬೇಕು, ಪಹಣಿ ಬೇಕು. ತೋಟ ಮಾರಿದರೆ ಕೋವಿಯ ಕಾರಣವೇ ಮಾರಿಹೋದಂತೆ.

ನಮ್ಮ ಸಲಹೆಯನ್ನು ಕೇಳಿದಾಗ ನಾವು ಮೂಡುಬಿದಿರೆ ಎಂದೆವು. ವಯಸ್ಸು ಅರುವತ್ತಾದವನಿಗೆ ವೈದ್ಯನ ಮನೆ ಹತ್ತಿರವಿರುವ ಊರೇ ಸುಂದರ. ಅಲ್ಲಿಂದ ತೋಟಕ್ಕೆ ವಾರಕ್ಕೊಮ್ಮೆ ಬಂದುಹೋಗಬಹುದೆಂದೂ ಹೇಳಿದೆವು. ವೃದ್ಧರು, “ಹಂದಿ ವಾರಕ್ಕೊಮ್ಮೆ ಬರುವುದಿಲ್ಲ, ಮಾಷ್ಟ್ರೇ” ಎಂದರು.

ಹುಡುಗನು ನಿರ್ಧಾರ ಹೇಳಲಿಲ್ಲ. ಒಂದು ಮಳೆಗಾಲ ನಿಂತು ನೋಡುತ್ತೇನೆಂದನು. ವೃದ್ಧರು ದೀಪಾವಳಿಯ ಗಡುವನ್ನು ಒಂದು ವರ್ಷ ಮುಂದೆ ಹಾಕಿದರು. ಜೂನಿನಲ್ಲಿ ಅವನು ಪೆಟ್ಟಿಗೆಯೊಡನೆ ಬಂದನು. ಆಟಿಯಲ್ಲಿ ತೋಟಕ್ಕೆ ಇಳಿಯುವ ಕಲ್ಲುದಾರಿಯ ಪಾಚಿಯಲ್ಲಿ ಬೈಕು ಜಾರಿ ಮೊಣಕಾಲಿಗೆ ಏಳು ಹೊಲಿಗೆಗಳಾದವು. ಅಂದಿನಿಂದ ಗಾಡಿಯು ಅಡಕೆಯ ಕೊಟ್ಟಿಗೆಯಲ್ಲಿ ಟರ್ಪಾಲಿನ ಕೆಳಗೆ ಮಲಗಿತು, ಪೇಟೆಗೆ ಹೋಗಲು ಹಳೆಯ ಜೀಪೊಂದು ಬಂತು. ವಿದ್ಯುತ್ತು ಹೋದ ದಿನಗಳಲ್ಲಿ ಕಛೇರಿಯ ಕೆಲಸಕ್ಕಾಗಿ ಉಜಿರೆಯವರೆಗೆ ಹೋಗುತ್ತಿದ್ದನು. ಇದರಿಂದ ಅವನು ಬೇಸತ್ತು ಹೊರಟಾನೆಂದು ನಮ್ಮ ತಂಗಿಯೂ ನಾವೂ ಎಣಿಸಿದ್ದೆವು.

ಈ ದೀಪಾವಳಿಗೆ ಹೋದಾಗ ಟರ್ಪಾಲು ತೆಗೆದಿತ್ತು. ಪರವಾನಗಿಯನ್ನು ಮೊಮ್ಮಗನ ಹೆಸರಿಗೆ ಮಾಡುವ ಅರ್ಜಿ ಪಹಣಿಯ ಪ್ರತಿಯೊಡನೆ ಮಂಗಳೂರಿಗೆ ಹೋಗಿದೆ. ಕೋವಿ ಬಳಕೆಯ ತರಬೇತಿಯ ಪ್ರಮಾಣಪತ್ರವನ್ನು ಲಗತ್ತಿಸಿಯಾಗಿದೆ. ಪೊಲೀಸರ ವರದಿ ಬರಬೇಕಾಗಿದೆ. ನಾವು ಹೊರಡುವಾಗ ವೃದ್ಧರು ಗೇಟಿನವರೆಗೆ ಬಂದು, ಇನ್ನು ಮುಂದಿನ ಚುನಾವಣೆ ಯಾವುದು, ಅದು ಬೇಸಗೆಯಲ್ಲೋ ಮಳೆಗಾಲದಲ್ಲೋ ಎಂದು ಕೇಳಿದರು.