ಅಕ್ಕಿ ಒಂದೇ, ಪಾಡು ಹಲವು

ಭಟ್ಕಳದಿಂದ ಕುಮಟಾವರೆಗಿನ ಕರಾವಳಿಯಲ್ಲಿ ಬೆಳಗಿನ ತಿಂಡಿಗೆ ಹೆಸರು ಹಲವು, ಧಾನ್ಯ ಮಾತ್ರ ಬಹುಪಾಲು ಒಂದೇ. ಹವ್ಯಕರ ಮನೆಗಳಲ್ಲಿ ತೆಳ್ಳೇವು, ಜೋನಿಬೆಲ್ಲ. ಕೊಂಕಣಿಗರಲ್ಲಿ ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬು. ಗದ್ದೆಗೂ ದೋಣಿಗೂ ಹೋಗುವವರಿಗೆ ಕುಚಲಕ್ಕಿ ಗಂಜಿ. ನೆಂಟರು ಬಂದರೆ ಒತ್ತುಶಾವಿಗೆ, ಬೆಲ್ಲ ಹಾಕಿದ ಕಾಯಿಹಾಲು. ಮಧುಮೇಹದ ಭಯ ಹೆಚ್ಚಿದಂತೆ ಇವೆಲ್ಲವನ್ನೂ ‘ಅಕ್ಕಿ’ ಎಂದು ಒಂದೇ ಮೂಟೆಗೆ ತುಂಬಿ ದೂರವಿಡುವ ಸಲಹೆ ಸಾಮಾನ್ಯವಾಗಿದೆ. ಅವುಗಳ ಜಾಗಕ್ಕೆ ಬರುವುದು ಡಬ್ಬಿಯ ಓಟ್ಸ್ ಅಥವಾ ಕಾರ್ನ್‌ಫ್ಲೇಕ್ಸ್. ಈ ಲೆಕ್ಕ ಸರಿಯಿಲ್ಲ. ತಿಂದದ್ದು ಎಷ್ಟು ಬೇಗ ಸಕ್ಕರೆಯಾಗಿ ರಕ್ತ ಸೇರುತ್ತದೆ ಎನ್ನುವುದು ಧಾನ್ಯ ಯಾವುದು ಎಂಬುದರ ಮೇಲಷ್ಟೇ ನಿಂತಿಲ್ಲ. ಗಿರಣಿಯಲ್ಲಿ, ಒರಳಿನಲ್ಲಿ, ಒಲೆಯ ಮೇಲೆ ಅದು ಪಟ್ಟ ಪಾಡಿನ ಮೇಲೂ ಅಷ್ಟೇ ನಿಂತಿದೆ.

ಇದಕ್ಕೆ ಸಾಕ್ಷಿ ಆ ಡಬ್ಬಿಗಳಲ್ಲೇ ಸಿಗುತ್ತದೆ. ಗ್ಲೈಸೆಮಿಕ್ ಸೂಚ್ಯಂಕ ಅಳೆಯುವಾಗ ಸಾಮಾನ್ಯವಾಗಿ 50 ಗ್ರಾಂ ಕಾರ್ಬೋಹೈಡ್ರೇಟ್ ಇರುವಷ್ಟು ತಿನಿಸು ಕೊಟ್ಟು, ಎರಡು ಗಂಟೆ ಕಾಲ ರಕ್ತದ ಸಕ್ಕರೆಯ ಏರಿಕೆಯನ್ನು ಗಮನಿಸುತ್ತಾರೆ. ಅಷ್ಟೇ ಗ್ಲೂಕೋಸ್ ಕುಡಿದಾಗಿನ ಏರಿಕೆಯನ್ನು 100 ಎಂದು ಹಿಡಿದರೆ, 55ರವರೆಗಿನದು ಕಡಿಮೆ, 70 ದಾಟಿದ್ದು ಹೆಚ್ಚು. 2008ರ ಅಂತರರಾಷ್ಟ್ರೀಯ ಕೋಷ್ಟಕದಲ್ಲಿ ಬ್ರಿಟನ್ನಿನ ಹಳೆಯ ತಿಂಡಿಯಾದ ಓಟ್ಸ್ ಗಂಜಿಯ ಸರಾಸರಿ 55. ಅದೇ ಓಟ್ಸನ್ನು ಕಾರ್ಖಾನೆಯಲ್ಲಿ ಮೊದಲೇ ಬೇಯಿಸಿ, ತೆಳ್ಳಗೆ ಒತ್ತಿ, ಬಿಸಿನೀರಿಗೆ ಹಾಕಿದೊಡನೆ ಅರಳುವಂತೆ ಮಾಡಿದರೆ 79. ಅಮೆರಿಕದ ಬ್ಯಾಟಲ್ ಕ್ರೀಕ್‌ನಲ್ಲಿ ಕೆಲಾಗ್ ಸೋದರರು ರೂಪಿಸಿದ ಕಾರ್ನ್‌ಫ್ಲೇಕ್ಸ್ 81. ಪಿಷ್ಟದ ಕಣಗಳು ನೀರು, ಶಾಖ ತಾಗಿ ಉಬ್ಬಿ ಒಡೆದಷ್ಟೂ, ಅವುಗಳನ್ನು ಸುತ್ತಿದ ಕೋಶಭಿತ್ತಿ ಹರಿದಷ್ಟೂ, ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವಕ್ಕೆ ಕೆಲಸ ಸುಲಭ.

ಅಕ್ಕಿಗೂ ಇದೇ ನಿಯಮ. ಅದೇ ಕೋಷ್ಟಕದಲ್ಲಿ ಬಿಳಿ ಅನ್ನ 73. ಅಕ್ಕಿಯ ನೂಡಲ್ಸ್ 53. ಆ ನೂಡಲ್ಸಿಗೆ ನಮ್ಮಲ್ಲಿ ಹತ್ತಿರದ ಬಂಧು ಒತ್ತುಶಾವಿಗೆ: ರುಬ್ಬಿದ ಹಿಟ್ಟನ್ನು ಕಾಸಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಒತ್ತುತ್ತಾರೆ. ಒತ್ತಿದಾಗ ಎಳೆ ಬಿಗಿಯಾಗುತ್ತದೆ. ಆರುವಾಗ ಪಿಷ್ಟದೊಳಗಿನ ಅಮೈಲೋಸ್ ಸರಪಳಿಗಳು ಮತ್ತೆ ಒಂದಕ್ಕೊಂದು ಹೆಣೆದುಕೊಂಡು ಕಿಣ್ವವನ್ನು ತಡೆಯುತ್ತವೆ. ಅದರ ಮೇಲೆ ಬೆಲ್ಲದ ಕಾಯಿಹಾಲು ಸುರಿದಾಗ ಲೆಕ್ಕ ಬೇರೆ, ಅದನ್ನು ಮರೆಯಬಾರದು. ತೆಳ್ಳೇವು ಒತ್ತುಶಾವಿಗೆಗೆ ವಿರುದ್ಧ ತುದಿಯಲ್ಲಿದೆ. ನುಣ್ಣಗೆ ರುಬ್ಬಿದ ನೀರುಹಿಟ್ಟು, ಹುದುಗಿಲ್ಲ, ಕಾವಲಿಯಿಂದ ನೇರ ಬಾಳೆಲೆಗೆ. ಪಿಷ್ಟಕ್ಕೆ ಇಲ್ಲಿ ಯಾವ ಮರೆಯೂ ಇಲ್ಲ. ಆದರೆ ಮೊಗೆಕಾಯಿ ಸೇರಿಸಿ ರುಬ್ಬಿದ ತೆಳ್ಳೇವಿನಲ್ಲಿ ಅಕ್ಕಿಯ ಪಾಲೇ ಇಳಿಯುತ್ತದೆ; ಮಳೆಗಾಲಕ್ಕೆಂದು ಅಟ್ಟದಲ್ಲಿ ಕಟ್ಟಿಟ್ಟ ಆ ಕಾಯಿ ರುಚಿಗಷ್ಟೇ ಅಲ್ಲ, ದೇಹಕ್ಕೂ ಉಪಕಾರಿ.

ಹಾಗಾದರೆ ಗಂಜಿ? ಇಲ್ಲಿ ಬರುವ ಆಕ್ಷೇಪ ಗಟ್ಟಿಯಾದದ್ದು. ಅಕ್ಕಿಗಂಜಿಗೆ ಕೋಷ್ಟಕ ಕೊಡುವ ಸರಾಸರಿ 78, ಬಿಳಿ ಅನ್ನಕ್ಕಿಂತಲೂ ಹೆಚ್ಚು. ಆದರೆ ಕೋಷ್ಟಕ ಲೆಕ್ಕಕ್ಕೆ ಹಿಡಿದ ಪೂರ್ವ ಏಷ್ಯಾದ ಗಂಜಿ ಎಂದರೆ ಪಾಲಿಶ್ ಮಾಡಿದ ಅಕ್ಕಿ ಕರಗಿ ಹೋಗುವವರೆಗೆ ಕುದಿಸಿದ್ದು. ನಮ್ಮ ಕುಚಲಕ್ಕಿ ಗಂಜಿಯಲ್ಲಿ ಅಗುಳು ಅಗುಳಾಗಿಯೇ ಇರುತ್ತದೆ, ತಿಳಿ ಬೇರೆ ನಿಲ್ಲುತ್ತದೆ. ಭತ್ತವನ್ನು ಸಿಪ್ಪೆಯೊಡನೆಯೇ ಕುದಿಸಿ ಒಣಗಿಸಿದಾಗ ಪಿಷ್ಟ ಒಮ್ಮೆ ಉಬ್ಬಿ ಮತ್ತೆ ಗಟ್ಟಿಯಾಗುತ್ತದೆ. ಹಾಗೆಂದು ಕುಚಲಕ್ಕಿಯನ್ನು ಮಧುಮೇಹದ ಮದ್ದೆಂದು ಸಾರುವುದೂ ತಪ್ಪು. ಬಾಂಗ್ಲಾದೇಶದ ಅಕ್ಕಿಯ ಮೇಲೆ ನಡೆದ ಪ್ರಯೋಗಗಳಲ್ಲಿ ಹೆಚ್ಚಿನ ಒತ್ತಡದ ಹಬೆಯಲ್ಲಿ ಕುಚ್ಚಿದ್ದು ಸೂಚ್ಯಂಕವನ್ನು ಚೆನ್ನಾಗಿ ಇಳಿಸಿತು. ಸೌಮ್ಯ ಶಾಖದಲ್ಲಿ ಕುಚ್ಚಿದ್ದರಿಂದ ಅಂಥ ಲಾಭವಾಗಲಿಲ್ಲ.

ಕುಚಲಕ್ಕಿಯ ನಿಜವಾದ ಹಿರಿಮೆ ಇನ್ನೊಂದು ಕಡೆ ಇದೆ, ಅದನ್ನು ನಾವು ಹೆಚ್ಚುಕಡಿಮೆ ಮರೆತಿದ್ದೇವೆ. ಕುದಿಸುವಾಗ ತೌಡಿನಲ್ಲಿರುವ ಥಯಾಮಿನ್, ಅಂದರೆ ಬಿ1 ಜೀವಸತ್ವ, ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿ ತೌಡು ತೆಗೆದರೂ ಸಾಕಷ್ಟು ಉಳಿಯುತ್ತದೆ. 1890ರ ದಶಕದಲ್ಲಿ ಜಾವಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನು ಕಂಡು ಈ ಜೀವಸತ್ವದ ಕೊರತೆಯಿಂದ ಬರುವ ಬೆರಿಬೆರಿ ರೋಗದ ಜಾಡು ಹಿಡಿದರು. 1929ರಲ್ಲಿ ಅವರಿಗೆ ನೊಬೆಲ್ ಬಂತು. ಭಾರತದಲ್ಲಿ ಆ ರೋಗ ಮುಖ್ಯವಾಗಿ ಕಾಡಿದ್ದು ಗಿರಣಿಯ ಬೆಳ್ತಿಗೆ (ಕುಚ್ಚದ) ಅಕ್ಕಿಯನ್ನೇ ನಂಬಿದ್ದ ಆಂಧ್ರದ ಉತ್ತರ ಕರಾವಳಿಯನ್ನು. ಕುಚ್ಚಿದ ಅಕ್ಕಿ ಉಣ್ಣುವ ಸೀಮೆಗಳಲ್ಲಿ ಅದು ವಿರಳ ಎಂಬುದನ್ನು ಕೂನೂರಿನ ಪೌಷ್ಟಿಕಾಂಶ ಪ್ರಯೋಗಾಲಯದಲ್ಲಿದ್ದ ಆಹಾರತಜ್ಞ ಆಕ್ರಾಯ್ಡ್ ಮತ್ತು ಸಂಗಡಿಗರು ಎತ್ತಿ ತೋರಿಸಿದರು. ಎರಡೂ ಕಡೆ ಧಾನ್ಯ ಅಕ್ಕಿಯೇ.

ಹಿಂದಿನವರು ಗದ್ದೆಯಲ್ಲಿ ದುಡಿದು ಅರಗಿಸಿಕೊಂಡರು, ಇಂದು ಕುರ್ಚಿಯಲ್ಲಿ ಕೂತವರಿಗೆ ಈ ಮಾತೆಲ್ಲ ಏಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು, ಎಷ್ಟು ತಿಂದೆವು ಎಂಬುದನ್ನು ಸೂಚ್ಯಂಕ ಹೇಳುವುದಿಲ್ಲ. ಅದಕ್ಕಾಗಿಯೇ ಬಟ್ಟಲಲ್ಲಿ ಬಹುಪಾಲು ನೀರೇ ಇರುವ ಗಂಜಿ, ಪಕ್ಕದಲ್ಲಿ ಒಣಮೀನಿನ ಚಟ್ನಿಯೋ ಹುರುಳಿಯೋ ಇದ್ದಾಗ, ಗಮನಕ್ಕೆ ಯೋಗ್ಯ: ಪ್ರೋಟೀನು, ಕೊಬ್ಬು ಜೊತೆಗೂಡಿದಾಗ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಅಕ್ಕಿ ಬೇಡವೆಂದು ಹೋಟೆಲಿನಲ್ಲಿ ಬನ್ಸ್ ತರಿಸುವವರ ತಟ್ಟೆಗೆ ಬರುವುದಾದರೂ ಏನು? ನಾರು ಕಳೆದ ಮೈದಾ, ಕಳಿತ ಬಾಳೆಹಣ್ಣು, ಸಕ್ಕರೆ, ಕರಿದ ಎಣ್ಣೆ. ಅಕ್ಕಿಯ ಒಂದು ಕಾಳೂ ಅದರಲ್ಲಿಲ್ಲ.