ಮೊದಲ ಮಹಡಿ ಆಫೀಸು ಯಾರಿಗೆ?

ಇಯರ್‌ಫೋನ್ ಹಾಕ್ಕೊಂಡು ಮಾರಿಕುಪ್ಪಂ ರೈಲಲ್ಲಿ ನಿಂತಿದ್ರೆ, ಇವತ್ತಿನ ಮಾತು ನಿಮಗೇ. ನಾನು ಇಂಟೀರಿಯರ್ ಡಿಸೈನ್ ಕೊನೇ ವರ್ಷದ ವಿದ್ಯಾರ್ಥಿನಿ, ಊರು ಬಂಗಾರಪೇಟೆ. ಈ ಸಲದ ಪ್ರಾಜೆಕ್ಟು, 40 ಜನ ಕೂರೋ ಒಂದು ಕಮರ್ಷಿಯಲ್ ಆಫೀಸಿನ ಒಳವಿನ್ಯಾಸ. ಕ್ಲಾಸಲ್ಲಿ ಬೇರೆಯವರು ಬೆಂಗಳೂರಿನ ಟೆಕ್ ಪಾರ್ಕ್ ತಗೊಂಡ್ರು. ನಾನು ನಮ್ಮೂರ ಅಂಗಡಿ ಸಾಲಿನ ಮೇಲಿರೋ ಒಂದು ಮೊದಲ ಮಹಡಿ ತಗೊಂಡೆ.

ನಮ್ಮ ಬೀದಿಯ ಅಕ್ಕ ಒಬ್ಬರು ಬಿ.ಕಾಂ. ಮಾಡಿದ್ದಾರೆ, ಟ್ಯಾಲಿ ಚೆನ್ನಾಗಿ ಗೊತ್ತು, ವೀಲ್‌ಚೇರ್ ಬಳಸ್ತಾರೆ. ಊರಲ್ಲೇ ಅಕೌಂಟ್ಸ್ ಕೆಲಸ ಸಿಕ್ಕಿತ್ತು. ಆಫೀಸು ಮೇಲೆ, ಲಿಫ್ಟ್ ಇಲ್ಲ. "ಕೆಲಸಕ್ಕೆ ಸೆಲೆಕ್ಟ್ ಆದೆ, ಮೆಟ್ಟಿಲಿಗೆ ಆಗ್ಲಿಲ್ಲ ಕಣೇ" ಅಂತಾರೆ. ಪಕ್ಕದ ಮನೆ ತಾತ ಚಾಂಪಿಯನ್ ರೀಫ್ ಗಣಿಯಲ್ಲಿದ್ದವರು. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಬರೋ ಸಿಲಿಕೋಸಿಸ್ ಕೆಜಿಎಫ್ ಮನೆಗಳಿಗೆ ಹೊಸ ಹೆಸರೇನಲ್ಲ. ನಾಲ್ಕು ಮೆಟ್ಟಿಲು ಹತ್ತಿದ್ರೆ ತಾತ ಗೋಡೆ ಹಿಡ್ಕೋತಾರೆ.

ಯೋಚಿಸಿ: 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ತಂದ ಊರು ಇದು. 2001ರಲ್ಲಿ ಮುಚ್ಚೋವರೆಗೂ ಜನರನ್ನ ಕೇಜಿನಲ್ಲಿ ಭೂಮಿಯೊಳಗೆ ಇಳಿಸಿ ಹತ್ತಿಸ್ತಿದ್ದ ಗಣಿ, 3 ಕಿಲೋಮೀಟರಿಗಿಂತ ಆಳ! ಅದೇ ಜನರನ್ನ 12 ಅಡಿ ಮೇಲೆ ಕರ್ಕೊಂಡು ಹೋಗೋಕೆ ನಮ್ಮ ಹತ್ರ ಏನೂ ಇಲ್ಲ.

ಹಾಗಾಗಿ ಆಫೀಸನ್ನ ಅದೇ ಕಟ್ಟಡದ ನೆಲಮಹಡಿಗೆ ಇಳಿಸಿದೆ. ಅಲ್ಲೂ ಮೂರು ಮೆಟ್ಟಿಲು, ಒಟ್ಟು ಒಂದೂವರೆ ಅಡಿ. ರ್‍ಯಾಂಪಿನ ಲೆಕ್ಕ ಸುಲಭ: ಒಂದಡಿ ಎತ್ತರಕ್ಕೆ 12 ಅಡಿ ಉದ್ದ. ಅಂದ್ರೆ ನನಗೆ 18 ಅಡಿ ಬೇಕು. ಅಂಗಡಿ ಮುಂದೆ ಸ್ಕೂಟರ್ ಹತ್ತಿಸೋಕೆ ಸಿಮೆಂಟ್ ಹಾಕಿರ್ತಾರಲ್ಲ, ಅದನ್ನ ತೋರಿಸಿ "ರ್‍ಯಾಂಪ್ ಇದೆಯಲ್ಲಮ್ಮ" ಅನ್ನೋರಿದ್ದಾರೆ. ಅದರ ಮೇಲೆ ವೀಲ್‌ಚೇರ್ ತಳ್ಳಿ ನೋಡಿ, ಹಿಂದಕ್ಕೆ ಮಗುಚುತ್ತೆ. ಬಾಗಿಲಿಗೆ ಮೂರಡಿ ತೆರವು, ಟಾಯ್ಲೆಟ್ಟಲ್ಲಿ ಗಾಲಿ ತಿರುಗಿಸೋಕೆ ಐದಡಿ ವೃತ್ತ. ನಿಜವಾಗಿ ಜಾಗ ತಿನ್ನೋದು ಟಾಯ್ಲೆಟ್ಟೇ. ಅದನ್ನ ಬಿಟ್ಟು ಬರೀ ರ್‍ಯಾಂಪ್ ಹಾಕಿದ್ರೆ, ಆ ಅಕ್ಕ ಬೆಳಗ್ಗೆಯಿಂದ ನೀರು ಕುಡಿಯದೆ ಕೂತಿರಬೇಕಾಗುತ್ತೆ.

ಕಾನೂನು ಇಲ್ವಾ? ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಕಟ್ಟಡಗಳ ಇಂಥ ಮಾನದಂಡಗಳು ಬರೀ ಸಲಹೆ ಆಗಿದ್ರೆ ಸಾಲದು, ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಇನ್ನು ಕೂರೋ ಜಾಗ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್, ದಿನಾ ನಿಂತ್ಕೊಂಡೇ ಹೋಗಿ ಬರೋರನ್ನ ಕೇಳಿದೆ: ಆಫೀಸಲ್ಲಿ ಏನು ಬೇಕು? ಯಾರೂ ಬೀನ್ ಬ್ಯಾಗ್ ಕೇಳ್ಲಿಲ್ಲ. ಬೆನ್ನಿಗೆ ಆಸರೆ ಕೊಡೋ ಕುರ್ಚಿ, ಮುಖ ತೊಳೆಯೋಕೆ ಜಾಗ, ಟಿಫನ್ ಬಾಕ್ಸ್ ಇಡೋಕೆ ಒಂದು ಗೂಡು, ಅಷ್ಟೇ. ಹುಡುಗಿಯರು ಹೇಳಿದ್ದು ಎಸಿ ಬಗ್ಗೆ. ಅದಕ್ಕೂ ಕಾರಣ ಇದೆ. ಆಫೀಸಿನ ತಂಪಿನ ಲೆಕ್ಕದಲ್ಲಿ ಹಿಂದಿನಿಂದಲೂ ಬಳಸ್ತಿರೋದು 40 ವರ್ಷದ, 70 ಕೆಜಿ ತೂಕದ ಗಂಡಸಿನ ದೇಹ ಅಂತ 2015ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ವಿಜ್ಞಾನಿಗಳು ತೋರಿಸಿದ್ರು. ಅದಕ್ಕೇ ನನ್ನ ಪ್ಲಾನಲ್ಲಿ ಒಂದು ಸಾಲು ಎಸಿ ಗಾಳಿಯಿಂದ ದೂರ, ಕಿಟಕಿ ಪಕ್ಕ, ಫ್ಯಾನ್ ಕೆಳಗೆ. ಬೋರ್ಡುಗಳಲ್ಲಿ ಕನ್ನಡದ ಜೊತೆ ತಮಿಳು, ತೆಲುಗು, ಮೇಲೆ ದೊಡ್ಡ ಚಿತ್ರ. ನಮ್ಮ ಕಡೆ ಒಂದೇ ಮನೇಲಿ ಮೂರು ಭಾಷೆ ನಡೆಯುತ್ತಲ್ಲ!

ಡ್ರಾಯಿಂಗ್ ನೋಡಿದ ಕಟ್ಟಡದ ಮಾಲೀಕರು ಬೇರೇನೂ ಕೇಳ್ಲಿಲ್ಲ. ರ್‍ಯಾಂಪ್ 18 ಅಡಿ ಉದ್ದ, ನಾಲ್ಕಡಿ ಅಗಲ, ಒಟ್ಟು 72 ಚದರಡಿ. "ಇಷ್ಟಕ್ಕೆ ಬಾಡಿಗೆ ಯಾರು ಕೊಡ್ತಾರಮ್ಮ?" ಅಂದ್ರು. ನ್ಯಾಯವಾದ ಪ್ರಶ್ನೆನೇ. ಈಗ ರ್‍ಯಾಂಪನ್ನ ಪಕ್ಕದ ಎರಡು ಅಂಗಡಿಗೂ ಸೇರೋ ಹಾಗೆ ಗೋಡೆ ಉದ್ದಕ್ಕೂ ತಿರುಗಿಸಿದ್ದೀನಿ. ಬಾಡಿಗೆ ಮೂರು ಪಾಲಾದ್ರೆ ಒಪ್ತೀನಿ ಅಂದಿದ್ದಾರೆ. ಒಂದು ಅಂಗಡಿಯವರು ಹೂಂ ಅಂದ್ರು, ಇನ್ನೊಬ್ಬರ ಹತ್ರ ಸೋಮವಾರ ಹೋಗ್ತೀನಿ, ಅಕ್ಕನೂ ಬರ್ತೀನಿ ಅಂದಿದ್ದಾರೆ.