ಕರ್ಟ್ ಫ್ಲಡ್ ತೆತ್ತ ಬೆಲೆ ಯಾರ ಲೆಕ್ಕಕ್ಕೆ?

ನಿವೃತ್ತಿಯ ನಂತರ ಚಳಿಗಾಲದ ಒಂದೆರಡು ತಿಂಗಳನ್ನು ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಕಳೆಯುವುದು ನಮ್ಮಿಬ್ಬರಿಗೆ ರೂಢಿಯಾಗಿದೆ. ಹೊರಗೆ ಹಿಮ ಬಿದ್ದಿರುತ್ತದೆ. ಬೇಸ್‌ಬಾಲ್ ಮೈದಾನಗಳು ಖಾಲಿ ಬಿದ್ದಿರುತ್ತವೆ. ಆದರೂ ಬೆಳಗಿನ ಪತ್ರಿಕೆಯ ಕ್ರೀಡಾಪುಟದಲ್ಲಿ ಬೇಸ್‌ಬಾಲ್ ಸುದ್ದಿಗೆ ಬರವಿಲ್ಲ. ಒಂದೂ ಪಂದ್ಯ ನಡೆಯದ ಈ ತಿಂಗಳುಗಳಲ್ಲಿ ಅಮೆರಿಕನ್ನರು ಎರಡು ಪ್ರಶ್ನೆಗಳನ್ನು ಹಿಡಿದು ವಾದಿಸುತ್ತಾರೆ. ಯಾವ ಆಟಗಾರ ಎಷ್ಟು ಹಣಕ್ಕೆ ಯಾವ ತಂಡ ಸೇರುತ್ತಾನೆ ಎಂಬುದು ಮೊದಲನೆಯದು. ನಿವೃತ್ತರಾದವರಲ್ಲಿ ಯಾರು ಹಾಲ್ ಆಫ್ ಫೇಮ್‌ಗೆ ಅರ್ಹರು ಎಂಬುದು ಎರಡನೆಯದು. ಒಂದು ಬೆಲೆಯ ಪ್ರಶ್ನೆ, ಇನ್ನೊಂದು ಯೋಗ್ಯತೆಯ ಪ್ರಶ್ನೆ. ಅರ್ಥಶಾಸ್ತ್ರ ಓದಿ, ಸರ್ಕಾರಿ ಕಡತಗಳ ನಡುವೆ ವೃತ್ತಿಜೀವನ ಸವೆಸಿದ ನನಗೆ ಆಟಕ್ಕಿಂತ ಈ ವಾದಗಳೇ ಹೆಚ್ಚು ಆಸಕ್ತಿ ಹುಟ್ಟಿಸಿದವು.

ಬೆಲೆಯ ವಿಷಯವನ್ನು ಮೊದಲು ನೋಡೋಣ. 2023ರ ಡಿಸೆಂಬರ್‌ನಲ್ಲಿ ಜಪಾನಿನ ಶೋಹೇ ಒಹ್ತಾನಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದೊಂದಿಗೆ ಹತ್ತು ವರ್ಷಗಳಿಗೆ 70 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡರು. ಅದರಲ್ಲಿ 68 ಕೋಟಿಯನ್ನು ಒಪ್ಪಂದದ ಅವಧಿ ಮುಗಿದ ಮೇಲೆ ಪಡೆಯಲು ಅವರು ಸಮ್ಮತಿಸಿದರು. ಮರುವರ್ಷ ಇದೇ ತಿಂಗಳಲ್ಲಿ ಹುವಾನ್ ಸೋಟೋ ಅವರಿಗೆ ನ್ಯೂಯಾರ್ಕ್ ಮೆಟ್ಸ್ ತಂಡ 15 ವರ್ಷಗಳಿಗೆ 76.5 ಕೋಟಿ ಡಾಲರ್ ಕೊಡಲು ಒಪ್ಪಿತು. ನಮ್ಮ ಐಪಿಎಲ್ ಹರಾಜಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಹರಾಜಿನಲ್ಲಿ ಹೆಚ್ಚು ಕೂಗಿದ ತಂಡಕ್ಕೆ ಆಟಗಾರ ಸೇರುತ್ತಾನೆ. ಇಲ್ಲಿ ಆರು ವರ್ಷ ಸೇವೆ ಮುಗಿಸಿ, ಒಪ್ಪಂದದ ಅವಧಿಯೂ ತೀರಿದ ಆಟಗಾರ ‘ಫ್ರೀ ಏಜೆಂಟ್’ ಆಗುತ್ತಾನೆ. ತಂಡಗಳು ಅವನ ಬಾಗಿಲಿಗೆ ಬರುತ್ತವೆ, ಆಯ್ಕೆ ಅವನದು.

ತಂಡದ ಮಾಲೀಕರು ಹಣ ತೆರುವುದು ಆಟಗಾರ ಈವರೆಗೆ ಮಾಡಿದ್ದಕ್ಕಲ್ಲ, ಮುಂದೆ ಮಾಡಬಹುದಾದದ್ದಕ್ಕೆ. ಅದನ್ನು ಅಂದಾಜು ಮಾಡಲು ‘ವಾರ್’ ಎಂಬ ಹ್ರಸ್ವನಾಮದ ಒಂದು ಅಳತೆ ಬಳಕೆಯಲ್ಲಿದೆ. ಆ ಆಟಗಾರನ ಜಾಗದಲ್ಲಿ ಸುಲಭವಾಗಿ, ಅಗ್ಗವಾಗಿ ದೊರೆಯುವ ಮತ್ತೊಬ್ಬನನ್ನು ಆಡಿಸಿದ್ದರೆ ತಂಡ ಎಷ್ಟು ಪಂದ್ಯ ಕಡಿಮೆ ಗೆಲ್ಲುತ್ತಿತ್ತು ಎಂಬ ಲೆಕ್ಕ ಅದು. ನಾವು ಎಂ.ಎ. ತರಗತಿಯಲ್ಲಿ ಕಲಿತ ಸೀಮಾಂತ ಉತ್ಪನ್ನದ ತತ್ವವೇ ಇಲ್ಲಿ ಮೈದಾನಕ್ಕಿಳಿದಿದೆ.

ಇನ್ನು ಯೋಗ್ಯತೆಯ ವಿಷಯ. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ ಬೇಸ್‌ಬಾಲಿನ ಹಾಲ್ ಆಫ್ ಫೇಮ್ ಇದೆ. ಮೊದಲ ಆಯ್ಕೆ ನಡೆದದ್ದು 1936ರಲ್ಲಿ. ಕನಿಷ್ಠ ಹತ್ತು ಋತು ಆಡಿ, ನಿವೃತ್ತರಾಗಿ ಐದು ವರ್ಷ ಕಳೆದವರ ಹೆಸರು ಮತಪತ್ರಕ್ಕೆ ಬರುತ್ತದೆ. ಮತ ಹಾಕುವವರು ಹತ್ತು ವರ್ಷಗಳಿಗೂ ಹೆಚ್ಚಿನ ಅನುಭವವುಳ್ಳ ಬೇಸ್‌ಬಾಲ್ ಬರಹಗಾರರು. ಶೇ. 75ರಷ್ಟು ಮತ ಬಿದ್ದರೆ ಗೋಡೆಯ ಮೇಲೆ ಕಂಚಿನ ಫಲಕ. ಶೇ. 5ಕ್ಕಿಂತ ಕಡಿಮೆ ಬಿದ್ದರೆ ಹೆಸರು ಪಟ್ಟಿಯಿಂದಲೇ ಹೊರಕ್ಕೆ. ಹತ್ತು ಪ್ರಯತ್ನಗಳಲ್ಲಿಯೂ (2014ಕ್ಕೆ ಮೊದಲು ಹದಿನೈದು) ಆಯ್ಕೆಯಾಗದಿದ್ದರೆ, ಆಮೇಲೆ ಹದಿನಾರು ಜನರ ವಿಶೇಷ ಸಮಿತಿಯೊಂದೇ ಗತಿ.

ಈ ತೀರ್ಪೂ ಸ್ಥಿರವಲ್ಲ. ಬರ್ಟ್ ಬ್ಲೈಲೆವೆನ್ ಎಂಬ ಪಿಚರ್ 1992ರಲ್ಲಿ ಕೊನೆಯ ಚೆಂಡು ಎಸೆದರು. 1998ರ ಮೊದಲ ಪ್ರಯತ್ನದಲ್ಲಿ ಅವರಿಗೆ ದೊರೆತದ್ದು ಕೇವಲ ಶೇ. 17.5 ಮತ. 2011ರಲ್ಲಿ, ಹದಿನಾಲ್ಕನೆಯ ಪ್ರಯತ್ನದಲ್ಲಿ, ಶೇ. 79.7 ಮತ ಪಡೆದು ಆಯ್ಕೆಯಾದರು. ನಡುವಿನ ವರ್ಷಗಳಲ್ಲಿ ಅವರು ಒಂದು ಚೆಂಡನ್ನೂ ಎಸೆದಿರಲಿಲ್ಲ. ಬದಲಾದದ್ದು ಅಳೆಯುವವರ ಅಳತೆಗೋಲು. ಪಿಚರ್ ಹೆಸರಿಗೆ ಬರುವ ಗೆಲುವುಗಳಲ್ಲಿ ಸಹ ಆಟಗಾರರ ಬ್ಯಾಟಿಂಗ್‌ನ ಪಾಲೂ ಇದೆ, ಆದ್ದರಿಂದ ಅವನ ಸ್ವಂತ ಕೊಡುಗೆಯನ್ನು ಬೇರ್ಪಡಿಸಿ ನೋಡಬೇಕು ಎಂಬ ವಿವೇಕ ನಿಧಾನವಾಗಿ ಮೂಡಿತು. ಲೆಕ್ಕ ತಿದ್ದಿಕೊಳ್ಳುವ ಈ ಗುಣ ಮೆಚ್ಚತಕ್ಕದ್ದೇ.

ಆದರೆ ಈ ಎರಡೂ ಲೆಕ್ಕಗಳಿಗೆ ಸಿಗದ ಒಂದು ಹೆಸರಿದೆ. ಅದು ಕರ್ಟ್ ಫ್ಲಡ್ ಅವರದು. ಇಂದಿನ ಚಳಿಗಾಲದ ಮಾರುಕಟ್ಟೆಗೆ ದಾರಿ ತೆರೆದವರಲ್ಲಿ ಮೊದಲಿಗರು ಅವರು. ಕೂಪರ್ಸ್‌ಟೌನ್‌ನ ಗೋಡೆಯ ಮೇಲೆ ಮಾತ್ರ ಅವರ ಫಲಕವಿಲ್ಲ.

ಆಫ್ರಿಕನ್ ಅಮೆರಿಕನ್ನರಾದ ಫ್ಲಡ್ 1958ರಿಂದ 1969ರವರೆಗೆ ಹನ್ನೆರಡು ಋತು ಸೇಂಟ್ ಲೂಯಿ ಕಾರ್ಡಿನಲ್ಸ್ ತಂಡದ ಸೆಂಟರ್ ಫೀಲ್ಡರ್ ಆಗಿದ್ದರು. ಕ್ಷೇತ್ರರಕ್ಷಣೆಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಸತತ ಏಳು ವರ್ಷ ಪಡೆದರು. 1964 ಮತ್ತು 1967ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದರು. ಅವರ ಬ್ಯಾಟಿಂಗ್ ಸರಾಸರಿ .293. ಈ ಆಟದಲ್ಲಿ .300 ಮುಟ್ಟಿದವನನ್ನು ಉತ್ತಮ ಬ್ಯಾಟರ್ ಎನ್ನುತ್ತಾರೆ. 1969ರ ಅಕ್ಟೋಬರ್‌ನಲ್ಲಿ ತಂಡದ ಆಡಳಿತ ಅವರನ್ನೂ ಇನ್ನು ಕೆಲವರನ್ನೂ ಫಿಲಡೆಲ್ಫಿಯಾ ಫಿಲ್ಲೀಸ್ ತಂಡಕ್ಕೆ ಕೊಟ್ಟು, ಬದಲಿಗೆ ಡಿಕ್ ಆ್ಯಲನ್ ಮೊದಲಾದವರನ್ನು ಪಡೆಯಿತು. ಫ್ಲಡ್ ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ, ಕೇಳಬೇಕೆಂಬ ನಿಯಮವೂ ಇರಲಿಲ್ಲ.

ಸರ್ಕಾರಿ ನೌಕರರಾಗಿದ್ದವರಿಗೆ ವರ್ಗಾವಣೆ ಹೊಸದಲ್ಲ. ನಾನೂ ಗಂಟುಮೂಟೆ ಕಟ್ಟಿ ಊರೂರು ಅಲೆದವನೇ. ಆದರೆ ಬೇಡವೆನಿಸಿದರೆ ರಾಜೀನಾಮೆ ಕೊಟ್ಟು ಬೇರೆಡೆ ದುಡಿಯುವ ಹಕ್ಕು ನಮಗಿತ್ತು. ಬೇಸ್‌ಬಾಲ್ ಆಟಗಾರನಿಗೆ ಆ ಹಕ್ಕೂ ಇರಲಿಲ್ಲ. ‘ರಿಸರ್ವ್ ಕ್ಲಾಸ್’ ಎಂಬ ಕರಾರಿನ ಪ್ರಕಾರ ಒಪ್ಪಂದ ಮುಗಿದ ಮೇಲೂ ಅದನ್ನು ಮತ್ತೊಂದು ವರ್ಷ ಮುಂದುವರಿಸುವ ಅಧಿಕಾರ ತಂಡಕ್ಕಿತ್ತು. ಹಾಗೆ ಮುಂದುವರಿದ ಒಪ್ಪಂದದಲ್ಲಿಯೂ ಅದೇ ಕರಾರು ಸೇರಿರುತ್ತದೆ ಎಂಬುದು ಮಾಲೀಕರ ವ್ಯಾಖ್ಯಾನ. ಅಂದರೆ ಒಮ್ಮೆ ಸಹಿ ಹಾಕಿದವನು ಆಟ ಬಿಡುವವರೆಗೂ ಆ ತಂಡದ, ಅಥವಾ ಆ ತಂಡ ಕೊಟ್ಟ ಇನ್ನೊಂದು ತಂಡದ ಸ್ವತ್ತು. ಏಕಸ್ವಾಮ್ಯ ವಿರೋಧಿ ಕಾನೂನು ಬೇಸ್‌ಬಾಲಿಗೆ ಅನ್ವಯಿಸದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1922ರಲ್ಲೇ ಹೇಳಿಬಿಟ್ಟಿತ್ತು.

ಫ್ಲಡ್ ಆಗ ವರ್ಷಕ್ಕೆ 90,000 ಡಾಲರ್ ಪಡೆಯುತ್ತಿದ್ದರು. ಅಂದಿನ ಮಟ್ಟಕ್ಕೆ ಅದು ದೊಡ್ಡ ಸಂಬಳ. ಸುಮ್ಮನೆ ಫಿಲಡೆಲ್ಫಿಯಾಕ್ಕೆ ಹೋಗಿ ಆಡಬಹುದಿತ್ತು. ಅದರ ಬದಲು ಅವರು ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಅವರ ಬಳಿ ಹೋದರು. ಉಕ್ಕು ಕಾರ್ಮಿಕರ ಸಂಘದಲ್ಲಿ ಅರ್ಥಶಾಸ್ತ್ರಜ್ಞರಾಗಿ ದುಡಿದಿದ್ದ ಮಿಲ್ಲರ್ ಸತ್ಯವನ್ನು ಮುಚ್ಚಿಡಲಿಲ್ಲ. ಮೊಕದ್ದಮೆ ಸೋಲುವ ಸಂಭವವೇ ಹೆಚ್ಚು, ಗೆದ್ದರೂ ಬೇಸ್‌ಬಾಲಿನಲ್ಲಿ ಮುಂದೆ ಯಾರೂ ಕೆಲಸ ಕೊಡುವುದಿಲ್ಲ ಎಂದರು. ಇದರಿಂದ ಉಳಿದ ಆಟಗಾರರಿಗೆ ಉಪಯೋಗವಾದೀತೇ ಎಂದು ಫ್ಲಡ್ ಕೇಳಿದರು. ಖಂಡಿತ, ಮುಂದೆ ಬರುವವರಿಗೂ ಆದೀತು ಎಂಬ ಉತ್ತರ ಬಂದಾಗ, ಹಾಗಾದರೆ ಅಷ್ಟು ಸಾಕು ಎಂದರು. 1969ರ ಡಿಸೆಂಬರ್ 24ರಂದು ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್ ಅವರಿಗೆ ಪತ್ರ ಬರೆದು, ತಾನು ಕೊಂಡು ಮಾರಬಹುದಾದ ಸ್ವತ್ತಲ್ಲ ಎಂದು ತಿಳಿಸಿದರು.

1970ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಚಾರಣೆ ನಡೆಯಿತು. ಜಾಕಿ ರಾಬಿನ್‌ಸನ್, ಹ್ಯಾಂಕ್ ಗ್ರೀನ್‌ಬರ್ಗ್ ಅವರಂಥ ಹಿರಿಯ ಮಾಜಿ ಆಟಗಾರರು ಫ್ಲಡ್ ಪರ ಸಾಕ್ಷಿ ನುಡಿದರು. ಆಗ ಆಡುತ್ತಿದ್ದ ಒಬ್ಬ ಆಟಗಾರನೂ ನ್ಯಾಯಾಲಯದತ್ತ ಸುಳಿಯಲಿಲ್ಲ. ಆ ಋತುವನ್ನು ಫ್ಲಡ್ ಪೂರ್ತಿ ಕಳೆದುಕೊಂಡರು. 1971ರಲ್ಲಿ ವಾಷಿಂಗ್ಟನ್ ತಂಡಕ್ಕೆ ಹದಿಮೂರು ಪಂದ್ಯ ಆಡಿ ಆಟವನ್ನೇ ಬಿಟ್ಟರು. ಮರುವರ್ಷ ಸುಪ್ರೀಂ ಕೋರ್ಟ್ 5–3 ಬಹುಮತದಿಂದ ಅವರ ವಿರುದ್ಧ ತೀರ್ಪಿತ್ತಿತು. ಬೇಸ್‌ಬಾಲಿಗೆ ದೊರೆತ ವಿನಾಯಿತಿ ಅಸಂಗತವೆಂದು ನ್ಯಾಯಾಲಯವೇ ಒಪ್ಪಿತು, ಆದರೆ ಅದನ್ನು ಸರಿಪಡಿಸುವ ಹೊಣೆ ಕಾಂಗ್ರೆಸ್ಸಿನದು ಎಂದು ಕೈತೊಳೆದುಕೊಂಡಿತು.

ಸೋತ ಮೊಕದ್ದಮೆ ವ್ಯರ್ಥವಾಗಲಿಲ್ಲ. ಕರಾರಿನ ಅನ್ಯಾಯ ದೇಶದ ಕಣ್ಣಿಗೆ ಬಿದ್ದಿತ್ತು. 1973ರ ಒಪ್ಪಂದದಲ್ಲಿ, ಹತ್ತು ವರ್ಷ ಸೇವೆ ಸಲ್ಲಿಸಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನನ್ನು ಅವನ ಒಪ್ಪಿಗೆಯಿಲ್ಲದೆ ಕಳಿಸುವಂತಿಲ್ಲ ಎಂಬ ನಿಯಮ ಬಂತು. 1975ರ ಡಿಸೆಂಬರ್ 23ರಂದು ಮಧ್ಯಸ್ಥಗಾರ ಪೀಟರ್ ಸೈಟ್ಜ್, ಆ್ಯಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಅವರ ಪ್ರಕರಣದಲ್ಲಿ ಒಂದು ವರ್ಷವೆಂದರೆ ಒಂದೇ ವರ್ಷ ಎಂದು ತೀರ್ಮಾನಿಸಿದರು. ಮಾಲೀಕರು ಕೂಡಲೇ ಸೈಟ್ಜ್ ಅವರನ್ನು ವಜಾ ಮಾಡಿದರು, ಆದರೆ ತೀರ್ಮಾನ ಉಳಿಯಿತು. ಆಗ ಎಲ್ಲ ಆಟಗಾರರನ್ನೂ ಪ್ರತಿವರ್ಷ ಮುಕ್ತರನ್ನಾಗಿ ಮಾಡಿಬಿಡೋಣ ಎಂದ ಮಾಲೀಕರೊಬ್ಬರಿದ್ದರು. ಉಳಿದವರು ಒಪ್ಪಲಿಲ್ಲ. ಅವರು ಒಪ್ಪಿಬಿಟ್ಟಾರೆಂಬ ಆತಂಕ ಮಿಲ್ಲರ್ ಅವರಿಗಿತ್ತು. ಎಲ್ಲರೂ ಒಮ್ಮೆಗೇ ಸಂತೆಗೆ ಬಂದರೆ ಪೂರೈಕೆ ಹೆಚ್ಚಿ ಬೆಲೆ ಕುಸಿಯುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಆರು ವರ್ಷಗಳ ಮಿತಿ ಬಂದದ್ದು ಹೀಗೆ.

ಸೈಮನ್ ರಾಟನ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞ 1956ರಲ್ಲಿಯೇ ಒಂದು ಮಾತು ಹೇಳಿದ್ದರು. ಹಕ್ಕು ಮಾಲೀಕನದಾಗಿದ್ದರೂ ಆಟಗಾರನದಾಗಿದ್ದರೂ, ಆಟಗಾರ ಕೊನೆಗೆ ಸೇರುವುದು ಅವನಿಂದ ಹೆಚ್ಚು ಆದಾಯ ಪಡೆಯಬಲ್ಲ ತಂಡವನ್ನೇ. ವ್ಯತ್ಯಾಸವಾಗುವುದು ಹಣ ಯಾರ ಕೈಸೇರುತ್ತದೆ ಎಂಬುದರಲ್ಲಿ. ಅಂಕಿಗಳು ಈ ಎರಡನೆಯ ಮಾತನ್ನು ಸಾರಿ ಹೇಳುತ್ತವೆ. ಆಟಗಾರರ ಸರಾಸರಿ ಸಂಬಳ 1975ರಲ್ಲಿ ಸುಮಾರು 45,000 ಡಾಲರ್. ಐದೇ ವರ್ಷಗಳಲ್ಲಿ ಅದು 1,40,000 ದಾಟಿತು. 2025ರ ಋತುವಿನ ಆರಂಭದಲ್ಲಿ 50 ಲಕ್ಷ ಮೀರಿತ್ತು.

ಇಲ್ಲಿ ಅರ್ಥಶಾಸ್ತ್ರದ ಹಳೆಯ ಸಮಸ್ಯೆಯೊಂದು ಎದುರಾಗುತ್ತದೆ. ಒಬ್ಬನ ಕೆಲಸದ ಫಲ ಅವನ ಲೆಕ್ಕಕ್ಕೆ ಬಾರದೆ ಇತರರ ಲೆಕ್ಕಕ್ಕೆ ಹೋದರೆ ಅದನ್ನು ಬಾಹ್ಯ ಪ್ರಯೋಜನ ಎನ್ನುತ್ತೇವೆ. ಮಾರುಕಟ್ಟೆ ಅದಕ್ಕೆ ಬೆಲೆ ಕಟ್ಟಲಾರದು. ಹಾಲ್ ಆಫ್ ಫೇಮ್‌ನ ಬರಹಗಾರರೂ ಕಟ್ಟಲಿಲ್ಲ. ಫ್ಲಡ್ ಅವರ ಹೆಸರು ಮತಪತ್ರದಲ್ಲಿದ್ದ ಅಷ್ಟೂ ವರ್ಷ ಅವರಿಗೆ ಐದನೆಯ ಒಂದು ಪಾಲು ಮತವೂ ಬೀಳಲಿಲ್ಲ. ಅವರ ಹಿಟ್‌ಗಳ ಸಂಖ್ಯೆ 1,861ಕ್ಕೆ ನಿಂತಿತ್ತು. ಆ ಮೊತ್ತ ಚಿಕ್ಕದೆಂದು ತೋರಿತು. ಮೂವತ್ತಮೂರನೆಯ ವಯಸ್ಸಿನಲ್ಲಿ ಆಟ ನಿಲ್ಲಿಸಿದ್ದು ಏಕೆ ಎಂಬ ಕಲಂ ಆ ಲೆಕ್ಕದ ಪುಸ್ತಕದಲ್ಲಿರಲಿಲ್ಲ.

ಈ ಕಥೆಯ ಉಳಿದ ಪಾತ್ರಧಾರಿಗಳ ಗತಿ ನೋಡಿ. ಫ್ಲಡ್ ಮೊಕದ್ದಮೆಯ ಪ್ರತಿವಾದಿ ಬೋವಿ ಕೂನ್ 2008ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಪದೇ ಪದೇ ತಿರಸ್ಕೃತರಾಗಿ, ಇನ್ನು ತನ್ನ ಹೆಸರನ್ನು ಪರಿಗಣಿಸಬೇಡಿ ಎಂದು ಕೇಳಿಕೊಂಡಿದ್ದ ಮಿಲ್ಲರ್, ನಿಧನರಾಗಿ ಏಳು ವರ್ಷಗಳ ನಂತರ 2019ರ ಡಿಸೆಂಬರ್‌ನಲ್ಲಿ ಆಯ್ಕೆಯಾದರು. ಫ್ಲಡ್ ಅವರಿಗೆ ಬದಲಾಗಿ ಪಡೆದ ಡಿಕ್ ಆ್ಯಲನ್ ಅವರನ್ನೂ ಮರಣೋತ್ತರವಾಗಿ 2025ರ ಜುಲೈನಲ್ಲಿ ಸೇರಿಸಿಕೊಳ್ಳಲಾಯಿತು. ಇವರಾರೂ ಅನರ್ಹರೆಂದು ನನ್ನ ವಾದವಲ್ಲ. ಪತ್ರ ಪಡೆದವರು, ಪತ್ರ ಬರೆಯುವಾಗ ಬೆನ್ನಿಗೆ ನಿಂತವರು, ಯಾರಿಗಾಗಿ ವಿನಿಮಯ ನಡೆಯಿತೋ ಅವರು ಒಳಗಿದ್ದಾರೆ. ಪತ್ರಕ್ಕೆ ಸಹಿ ಹಾಕಿದವರು ಹೊರಗಿದ್ದಾರೆ.

ಹಾಲ್ ಆಫ್ ಫೇಮ್ ಮೈದಾನದ ಸಾಧನೆಗೆ ಮೀಸಲು, ನ್ಯಾಯಾಲಯದ ಹೋರಾಟಕ್ಕಲ್ಲ ಎಂಬ ಆಕ್ಷೇಪ ಉಂಟು. ಆದರೆ ನಿಯಮಾವಳಿಯೇ ದಾಖಲೆ ಮತ್ತು ಸಾಮರ್ಥ್ಯದ ಜೊತೆಗೆ ಪ್ರಾಮಾಣಿಕತೆ, ಕ್ರೀಡಾ ಮನೋಭಾವ, ಚಾರಿತ್ರ್ಯಗಳನ್ನು ಪರಿಗಣಿಸಬೇಕೆನ್ನುತ್ತದೆ. 762 ಹೋಮ್ ರನ್ ಹೊಡೆದ ಬ್ಯಾರಿ ಬಾಂಡ್ಸ್, ಉದ್ದೀಪನ ಮದ್ದಿನ ಆರೋಪದ ನೆರಳಿನಲ್ಲಿ, 2022ರ ಹತ್ತನೆಯ ಹಾಗೂ ಕೊನೆಯ ಪ್ರಯತ್ನದಲ್ಲಿ ಶೇ. 66ಕ್ಕೆ ನಿಂತದ್ದು ಈ ಚಾರಿತ್ರ್ಯದ ಮಾತಿನಿಂದಲೇ. ನಮ್ಮ ಸೇವಾಕಾಲದ ಗೌಪ್ಯ ವರದಿಯಲ್ಲಿಯೂ ಪ್ರಾಮಾಣಿಕತೆಯ ಕಲಂ ಒಂದಿರುತ್ತಿತ್ತು. ಅದರಿಂದ ಬಡ್ತಿ ತಪ್ಪಿದವರನ್ನು ಕಂಡಿದ್ದೇನೆ, ಬಡ್ತಿ ಪಡೆದವರನ್ನು ಕಂಡಿಲ್ಲ. ಚಾರಿತ್ರ್ಯ ಬಾಗಿಲು ಮುಚ್ಚಲು ಕಾರಣವಾಗಬಹುದಾದರೆ ತೆರೆಯಲೂ ಕಾರಣವಾಗಬೇಕಲ್ಲವೇ?

ಅದಕ್ಕೆ ಮೇಲ್ಪಂಕ್ತಿಯೂ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಟೆಡ್ ವಿಲಿಯಮ್ಸ್, ಬಾಬ್ ಫೆಲ್ಲರ್ ಅವರಂಥವರು ತಮ್ಮ ಅತ್ಯುತ್ತಮ ವರ್ಷಗಳನ್ನು ಸೈನಿಕ ಸೇವೆಯಲ್ಲಿ ಕಳೆದರು. ಆ ಖಾಲಿ ವರ್ಷಗಳನ್ನು ಯಾರೂ ಅವರ ಕೊರತೆಯೆಂದು ಎಣಿಸಲಿಲ್ಲ. ಇಬ್ಬರೂ ಮೊದಲ ಪ್ರಯತ್ನದಲ್ಲೇ ಆಯ್ಕೆಯಾದರು. ಇತರರಿಗಾಗಿ ಬಿಟ್ಟುಕೊಟ್ಟ ವರ್ಷಗಳು ನಷ್ಟವಲ್ಲ ಎಂಬ ತತ್ವವನ್ನು ಅಂದೇ ಒಪ್ಪಿಯಾಗಿದೆ.

ಫ್ಲಡ್ ಹಲವು ವರ್ಷ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಕಳೆದು, ಕುಡಿತದಿಂದ ನಲುಗಿ, ಕೊನೆಗೆ ಚೇತರಿಸಿಕೊಂಡು ಸ್ವದೇಶಕ್ಕೆ ಮರಳಿದ್ದರು. 1997ರ ಜನವರಿಯಲ್ಲಿ, 59ರ ವಯಸ್ಸಿನಲ್ಲಿ ತೀರಿಕೊಂಡರು. ಪ್ರಮುಖ ಲೀಗ್‌ಗಳ ಆಟಗಾರರಿಗೆ ಏಕಸ್ವಾಮ್ಯ ವಿರೋಧಿ ಕಾನೂನಿನ ರಕ್ಷಣೆ ಕೊಡುವ ಶಾಸನವನ್ನು ಕಾಂಗ್ರೆಸ್ ಅವರ ಹೆಸರಿನಲ್ಲಿಯೇ ಅಂಗೀಕರಿಸಿತು, ಅವರು ಸತ್ತ ಮರುವರ್ಷ. ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಬೇಕೆಂದು 2020ರಲ್ಲಿ ಕಾಂಗ್ರೆಸ್ಸಿನ ನೂರಕ್ಕೂ ಹೆಚ್ಚು ಸದಸ್ಯರು ಪತ್ರ ಬರೆದರು. ದೇಶದ ಶಾಸನಸಭೆಗೆ ಕಂಡದ್ದು ಕೂಪರ್ಸ್‌ಟೌನ್‌ಗೆ ಕಾಣಲಿಲ್ಲ.

1980ಕ್ಕಿಂತ ಹಿಂದಿನ ಆಟಗಾರರನ್ನು ಪರಿಶೀಲಿಸುವ ಸಮಿತಿ ಮುಂದೆ ಸೇರುವುದು 2027ರ ಡಿಸೆಂಬರ್‌ನಲ್ಲಿ. ಅದರ ಮುಂದಿಡುವ ಪಟ್ಟಿಯಲ್ಲಿ ಎಂಟು ಹೆಸರುಗಳಿಗಷ್ಟೇ ಅವಕಾಶ. ಆಯ್ಕೆಗೆ ಹದಿನಾರರಲ್ಲಿ ಹನ್ನೆರಡು ಮತ ಬೇಕು. ಆ ಎಂಟರಲ್ಲಿ ಫ್ಲಡ್ ಹೆಸರಿರಲೇಬೇಕು. ಬ್ಲೈಲೆವೆನ್ ವಿಷಯದಲ್ಲಿ ಅಳತೆಗೋಲನ್ನು ತಿದ್ದಿಕೊಂಡವರಿಗೆ ಇದೂ ಅಸಾಧ್ಯವಲ್ಲ. ಅದೇ ತಿಂಗಳು ಯಾವುದಾದರೊಂದು ತಂಡ ಯಾವನೋ ಯುವಕನಿಗೆ ಹತ್ತಾರು ಕೋಟಿ ಡಾಲರುಗಳ ಒಪ್ಪಂದ ನೀಡಿರುತ್ತದೆ, ಪತ್ರಿಕೆಗಳು ಅದನ್ನು ದೊಡ್ಡಕ್ಷರಗಳಲ್ಲಿ ಅಚ್ಚು ಹಾಕಿರುತ್ತವೆ. ಆ ಹಣದ ಒಂದು ಪಾಲು 1969ರ ಪತ್ರವೊಂದರ ಋಣ. ಸಾಲಗಾರರು ಬಹಳ ಮಂದಿ ಇದ್ದಾರೆ. ಸಾಲ ಕೊಟ್ಟವರ ಹೆಸರನ್ನು ಬರೆದುಕೊಳ್ಳುವುದಷ್ಟೇ ಬಾಕಿ.